ಬಲಿಷ್ಠ ತಂಡದ ಎದುರು ಹೈಸ್ಕೂಲ್ ಫುಟ್‌ಬಾಲ್ ತಂಡ ಒಡೆಯುವುದೆಲ್ಲಿ: ದೋಷ ಪತ್ತೆ ಮತ್ತು ನಿವಾರಣೆ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಹೈಸ್ಕೂಲ್ ಫುಟ್‌ಬಾಲ್ ತಂಡ ಕಟ್ಟುವ ದೈಹಿಕ ಶಿಕ್ಷಕರಿಗೆ ಈ ಫಲಿತಾಂಶ ಹೊಸದಲ್ಲ. ತಾಲ್ಲೂಕು ಮಟ್ಟದಲ್ಲಿ 3-0, ಮುಂದಿನ ಪಂದ್ಯದಲ್ಲಿ 2-1, ಜಿಲ್ಲಾ ಮಟ್ಟಕ್ಕೆ ಹೋದ ಕೂಡಲೇ 0-6. ಎದುರಿಗೆ ವರ್ಷವಿಡೀ ಕೋಚ್ ಇರುವ, ಒಂದೇ ಹಾಸ್ಟೆಲ್‌ನಲ್ಲಿ ಉಂಡು ಒಂದೇ ಗ್ರೌಂಡಿನಲ್ಲಿ ಬೆಳೆದ ತಂಡ. ನಾಕೌಟ್ ಆದ್ದರಿಂದ ಒಂದು ಸೋಲಿಗೆ ಆ ವರ್ಷದ ಆಟ ಮುಗಿದಂತೆ. ಕಲಬುರಗಿ ವಿಭಾಗ ಮಟ್ಟದ ಮಾತೇ ಇಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವೇ ಮೂರು ಕಾರಣ: ಮಕ್ಕಳು ಹೆದರಿದರು, ಸ್ಟ್ಯಾಮಿನಾ ಸಾಲಲಿಲ್ಲ, ಅವರ ಸ್ಕಿಲ್ ನಮಗೆ ಬರುವಂಥದ್ದಲ್ಲ.

ಮೂರರಲ್ಲೂ ಒಂದಿಷ್ಟು ನಿಜ ಇರಬಹುದು. ಆದರೆ ಇವುಗಳನ್ನು ಹಿಡಿದುಕೊಂಡು ನಾಳೆ ಬೆಳಿಗ್ಗೆ ಗ್ರೌಂಡಿನಲ್ಲಿ ಏನು ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹತ್ತು ದಿನದಲ್ಲಿ ಯಾರ ಸ್ಕಿಲ್ಲೂ ಬದಲಾಗುವುದಿಲ್ಲ. ಹತ್ತು ದಿನದಲ್ಲಿ ಬದಲಾಯಿಸಬಹುದಾದದ್ದು ಬೇರೆ ಇದೆ: ಮಕ್ಕಳು ಎಲ್ಲಿ ನಿಲ್ಲುತ್ತಾರೆ, ಯಾವ ಕಡೆ ಮುಖ ಮಾಡಿರುತ್ತಾರೆ, ಚೆಂಡು ಹೋದ ಕೂಡಲೇ ಯಾರು ಎಲ್ಲಿಗೆ ಓಡುತ್ತಾರೆ. ದೊಡ್ಡ ಅಂತರದ ಸೋಲುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬರುತ್ತವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನದು ಕೊಪ್ಪಳ ಜಿಲ್ಲೆಯ ಹೈಸ್ಕೂಲ್ ಹುಡುಗಿಯರ ತಂಡದ ಜೊತೆ ದುಡಿಯುತ್ತ ರೂಢಿಸಿಕೊಂಡ ಕ್ರಮ. ಹುಡುಗರ ತಂಡಕ್ಕೂ ಇದರಲ್ಲಿ ಬದಲಾಯಿಸುವಂಥದ್ದೇನಿಲ್ಲ.

ಮೊದಲು ಗೋಲುಗಳ ಲೆಕ್ಕ ತೆಗೆಯಿರಿ

ಗೋಲು ಬಿದ್ದಾಗ ಎಲ್ಲರ ಕಣ್ಣು ಗೋಲ್‌ಕೀಪರ್ ಮೇಲೆ. ಆಕೆಯ ಕೈಯಿಂದ ಚೆಂಡು ಜಾರಿತು, ಅಲ್ಲಿಗೆ ವಿಚಾರಣೆ ಮುಗಿಯಿತು. ನಿಜವಾದ ದೋಷ ಅದಕ್ಕೆ ಹತ್ತು ಹದಿನೈದು ಸೆಕೆಂಡ್ ಮೊದಲೇ ಆಗಿರುತ್ತದೆ, ಎಷ್ಟೋ ಸಲ ಎದುರಾಳಿಯ ಅರ್ಧದಲ್ಲಿ. ಹಾಗಾಗಿ ಪ್ರತಿ ಗೋಲನ್ನೂ ಮೂರು ಪಾಸ್ ಹಿಂದಿನಿಂದ ನೋಡಬೇಕು.

ಆಡದೆ ಕೂತಿರುವ ಇಬ್ಬರು ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ. ಪುಟಕ್ಕೊಂದು ಮೈದಾನದ ಚಿತ್ರ ಮೊದಲೇ ಬರೆದಿಟ್ಟಿರಲಿ. ಬಿದ್ದ ಪ್ರತಿ ಗೋಲಿಗೂ, ಬೀಳಬೇಕಿದ್ದು ತಪ್ಪಿದ ಪ್ರತಿ ಹೊಡೆತಕ್ಕೂ ಬರೆಯಬೇಕಾದ್ದು ಇಷ್ಟು: ಎಷ್ಟನೇ ನಿಮಿಷ, ಚೆಂಡು ನಮ್ಮ ಕಾಲಿನಿಂದ ಹೋಗಿದ್ದು ಎಲ್ಲಿ, ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಆವರಣ) ಒಳಗೆ ಬಂದಿದ್ದು ಎಡದಿಂದಲೋ ಬಲದಿಂದಲೋ ನಡುವಿನಿಂದಲೋ, ಆ ಹೊತ್ತಿಗೆ ಚೆಂಡಿಗೂ ನಮ್ಮ ಗೋಲಿಗೂ ನಡುವೆ ನಮ್ಮವರು ಎಷ್ಟು ಜನ ಇದ್ದರು. ಎಂಟನೇ ಕ್ಲಾಸಿನ ಮಕ್ಕಳು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಅವರಿಗೂ ಪಂದ್ಯ ನೋಡುವ ಕಣ್ಣು ಬರುತ್ತದೆ, ಮುಂದಿನ ವರ್ಷದ ತಂಡಕ್ಕೆ ಅವರೇ ಬರುವವರು. ಮೊಬೈಲ್‌ನಲ್ಲಿ ವಿಡಿಯೊ ಮಾಡುವುದಾದರೆ ಶಾಲೆಯ ಮಾಳಿಗೆಯಂಥ ಎತ್ತರದ ಜಾಗದಿಂದ, ಚೆಂಡಿನ ಹಿಂದೆ ತಿರುಗಿಸದೆ, ಅರ್ಧ ಮೈದಾನ ಕಾಣುವಂತೆ ಮಾಡಿ. ನೆಲಮಟ್ಟದಿಂದ ತೆಗೆದ ವಿಡಿಯೊದಲ್ಲಿ ಆಟಗಾರರ ನಡುವಿನ ಅಂತರ ತಿಳಿಯುವುದಿಲ್ಲ. ಅದಕ್ಕಿಂತ ನೋಟ್‌ಬುಕ್ಕೇ ವಾಸಿ.

ಆರು ಗೋಲುಗಳ ಪುಟ ಒಟ್ಟಿಗೆ ಇಟ್ಟು ನೋಡಿದರೆ ಆರು ದೋಷ ಕಾಣುವುದಿಲ್ಲ. ಒಂದೋ ಎರಡೋ ದೋಷ ಮತ್ತೆ ಮತ್ತೆ ಕಾಣುತ್ತವೆ. ಅದನ್ನು ಹಿಡಿದ ಮೇಲೆ ಮುಂದಿನ ಭಾಗಗಳಲ್ಲಿ ನಿಮಗೆ ಸಂಬಂಧಪಟ್ಟಿದ್ದಕ್ಕೆ ನೇರವಾಗಿ ಹೋಗಿ.

ಎದುರಾಳಿಯ ಪಂದ್ಯ ನೋಡಲು ಸಿಕ್ಕರೆ ಬಿಡಬೇಡಿ. ಶಾಲಾ ಕ್ರೀಡಾಕೂಟಗಳಲ್ಲಿ ಒಂದೇ ದಿನ, ಒಂದೇ ಗ್ರೌಂಡಿನಲ್ಲಿ ನಾಲ್ಕಾರು ಪಂದ್ಯ ನಡೆಯುವುದರಿಂದ ಇದು ಕಷ್ಟವಲ್ಲ. ನಮ್ಮವರು ಊಟಕ್ಕೆ ಹೋದಾಗ ಒಬ್ಬರು ಅಲ್ಲೇ ಉಳಿಯಬೇಕು, ಅಷ್ಟೆ. ನೋಡುವಾಗ ಗೋಲು ಹೊಡೆಯುವವಳನ್ನು ಬಿಡಿ. ಆಕೆಗೆ ಚೆಂಡು ಯಾರು ಕೊಡುತ್ತಾರೆ ನೋಡಿ. ಹತ್ತನೇ ನಂಬರಿನ ಅಂಗಿ ತೊಟ್ಟು ನಾಲ್ಕು ಗೋಲು ಹೊಡೆದವಳ ಮೇಲೆ ಇಬ್ಬರನ್ನು ಮಾರ್ಕಿಂಗ್‌ಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಅದರಿಂದ ನಮ್ಮ ತಂಡದಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗದಿಂದ ಬೇರೆಯವಳು ಹೊಡೆಯುತ್ತಾಳೆ. ಪಾಸ್ ಕೊಡುವವಳನ್ನು ತಡೆದರೆ ಒಬ್ಬಳೇ ಸಾಕು, ಗೋಲು ಹೊಡೆಯುವವಳಿಗೆ ಚೆಂಡೇ ಸಿಗುವುದಿಲ್ಲ. ಇನ್ನೆರಡು ವಿಷಯ ಗಮನಿಸಿ: ಅವರ ಗೋಲ್‌ಕೀಪರ್ ಎತ್ತರದ ಚೆಂಡಿಗೆ ಮುಂದೆ ಬರುತ್ತಾಳೋ ಲೈನ್ ಮೇಲೆಯೇ ನಿಲ್ಲುತ್ತಾಳೋ, ಚೆಂಡು ಕಳೆದುಕೊಂಡಾಗ ಅವರ ಎಡ-ಬಲ ಬ್ಯಾಕ್‌ಗಳು (ಬದಿಯ ಡಿಫೆಂಡರ್‌ಗಳು) ಎಲ್ಲಿರುತ್ತಾರೆ.

ಲಕ್ಷಣ: ಅವರ ಮಿಡ್‌ಫೀಲ್ಡರ್ ಆರಾಮಾಗಿ ತಿರುಗಿ, ತಲೆ ಎತ್ತಿ, ಪಾಸ್ ಹುಡುಕುತ್ತಾಳೆ

ನಾನು ನೋಡಿದ ಪಂದ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ದೋಷ ಇದು. ಇದು ಸರಿಯಾದರೆ ಉಳಿದವುಗಳಲ್ಲಿ ಅರ್ಧ ತಾವಾಗಿಯೇ ಸರಿಹೋಗುತ್ತವೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪರೀಕ್ಷೆ ಸರಳ. ಪ್ರಾಕ್ಟೀಸ್ ಪಂದ್ಯ ಆಡಿಸಿ. ಎದುರಾಳಿ ಪಾಳಿಯವರ ಬಳಿ ನಡು ಮೈದಾನದಲ್ಲಿ ಚೆಂಡು ಇರುವಾಗ ಇದ್ದಕ್ಕಿದ್ದಂತೆ ಸೀಟಿ ಊದಿ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯೂ ಸರಿಯಬಾರದು. ಈಗ ನಿಮ್ಮ ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ದೊಡ್ಡ ಹೆಜ್ಜೆ ಹಾಕಿ ಎಣಿಸಿ. 30-35 ಮೀಟರ್ ಒಳಗಿದ್ದರೆ ತಂಡ ಒಟ್ಟಾಗಿದೆ. 55-60 ಮೀಟರ್ ಬಂದರೆ ದೋಷ ಸಿಕ್ಕಿತು. ಮಕ್ಕಳನ್ನೂ ಜೊತೆಗೆ ನಡೆಸಿ. ತಮ್ಮ ಹೆಜ್ಜೆಯಲ್ಲಿ ತಾವೇ ಎಣಿಸಿದ ಖಾಲಿ ಜಾಗ ಅವರಿಗೆ ಮರೆಯುವುದಿಲ್ಲ.

ಇಷ್ಟು ಉದ್ದಕ್ಕೆ ತಂಡ ಎಳೆದುಕೊಳ್ಳಲು ಎರಡು ಕಾರಣ, ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಸ್ಟ್ರೈಕರ್‌ಗೆ ನಾವೇ "ನೀನು ಗೋಲು ಹೊಡೆಯೋಕಿ, ಮ್ಯಾಲೇ ಇರು" ಎಂದು ಹೇಳಿಕೊಟ್ಟಿರುತ್ತೇವೆ. ತಾಲ್ಲೂಕು ಮಟ್ಟದಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ಚೆಂಡು ಹೆಚ್ಚು ಹೊತ್ತು ನಮ್ಮಲ್ಲಿಯೇ ಇರುತ್ತದೆ. ಇನ್ನೊಂದು ಕಡೆ ಡಿಫೆಂಡರ್‌ಗಳು ಎದುರಾಳಿಯ ಓಟಕ್ಕೆ ಅಂಜಿ ತಮ್ಮ ಬಾಕ್ಸ್‌ನತ್ತ ಸರಿಯುತ್ತಾ ಹೋಗುತ್ತಾರೆ. ಮುಂದಿನವರು ಮುಂದೆ, ಹಿಂದಿನವರು ಹಿಂದೆ. ನಡುವೆ ಇಬ್ಬರು ಮೂವರು ಹಾಫ್‌ಗಳು (ಮಿಡ್‌ಫೀಲ್ಡರ್‌ಗಳು) ಅಷ್ಟಗಲ ಜಾಗಕ್ಕೆ ಕಾವಲು. ಅವರು ಓಡಿ ಓಡಿ ಸುಸ್ತಾಗುತ್ತಾರೆ. ನೋಡುವವರು "ಸ್ಟ್ಯಾಮಿನಾ ಇಲ್ಲ" ಅನ್ನುತ್ತಾರೆ. ಆ ಮಕ್ಕಳು ಓಡಿದ್ದು ಉಳಿದವರೆಲ್ಲರಿಗಿಂತ ಹೆಚ್ಚು.

ಪರಿಹಾರ ಹೀಗೆ. 4-4-2 (ನಾಲ್ವರು ಬ್ಯಾಕ್, ನಾಲ್ವರು ಹಾಫ್, ಇಬ್ಬರು ಸ್ಟ್ರೈಕರ್) ಇರಲಿ, ಆದರೆ ಚೆಂಡು ಅವರ ಬಳಿ ಇರುವಾಗ ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬಳು ಇಳಿದು, ನೀವು ಗುರುತಿಸಿದ ಆ ಪಾಸ್ ಕೊಡುವವಳ ಪಕ್ಕಕ್ಕೆ ಬರಬೇಕು. ಇನ್ನೊಬ್ಬಳು ನಡು ವೃತ್ತದ ಅಂಚಿಗೆ. ಹಿಂದಿನ ನಾಲ್ವರು ತಮ್ಮ ಬಾಕ್ಸ್ ಗೆರೆಯಿಂದ ಹತ್ತು ಹನ್ನೆರಡು ಹೆಜ್ಜೆ ಮುಂದೆ. ಅವರ ಮುಂದೆ ಹತ್ತು ಹೆಜ್ಜೆಗೆ ನಾಲ್ವರು ಹಾಫ್‌ಗಳು.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಹಗ್ಗ ತನ್ನಿ. ಎಂಟೆಂಟು ಹೆಜ್ಜೆಗೆ ಗಂಟು ಹಾಕಿ, ನಾಲ್ವರು ಬ್ಯಾಕ್‌ಗಳಿಗೆ ಒಂದೊಂದು ಗಂಟು ಹಿಡಿಸಿ. ಹಾಫ್‌ಗಳಿಗೆ ಇನ್ನೊಂದು ಹಗ್ಗ. ಮೊದಲು ಚೆಂಡೇ ಬೇಡ. ನೀವು ಎಡಕ್ಕೆ ಕೈ ತೋರಿಸಿದರೆ ಎಂಟೂ ಜನ ಎಡಕ್ಕೆ, ಮುಂದೆ ತೋರಿಸಿದರೆ ಮುಂದೆ, ಹಗ್ಗ ಜೋತು ಬೀಳಬಾರದು, ಬಿಗಿಯೂ ಆಗಬಾರದು. ಭತ್ತದ ನಾಟಿಯಲ್ಲಿ ಸಾಲು ತಪ್ಪದಂತೆ ಎಲ್ಲರೂ ಒಟ್ಟಿಗೆ ಹಿಂದೆ ಸರಿಯುತ್ತಾರಲ್ಲ, ಅದೇ ಲಯ. ನಮ್ಮ ಮಕ್ಕಳಲ್ಲಿ ಕೆಲವರು ಗದ್ದೆಯಲ್ಲಿ ನಾಟಿ ಹಚ್ಚಿದವರೇ, ಹಾಗೆಂದು ಹೇಳಿದ ಕೂಡಲೇ ಅವರಿಗೆ ಅರ್ಥವಾಯಿತು. ಎರಡು ದಿನ ಹಗ್ಗದ ಜೊತೆ, ಮೂರನೇ ದಿನ ಹಗ್ಗ ಬಿಟ್ಟು. ಆಮೇಲೆ ನಿಧಾನಕ್ಕೆ ಚೆಂಡು ಆಡಿಸುವ ಆರು ಜನರನ್ನು ಎದುರಿಗೆ ಹಾಕಿ, ಅವರು ಪಾಸ್ ಕೊಟ್ಟ ಕಡೆ ಎಂಟು ಜನ ಒಟ್ಟಿಗೆ ಸರಿಯಬೇಕು. ಚೆಂಡು ಕಸಿಯಬಾರದು, ಸರಿಯಬೇಕು ಅಷ್ಟೆ.

ಆಗ ಮಕ್ಕಳು ಕೇಳಿಯೇ ಕೇಳುತ್ತಾರೆ: "ಸರ, ನಾವೆಲ್ಲಾ ಈ ಕಡೆ ಬಂದ್ರ ಆ ಕಡೆ ವಿಂಗ್‌ನಾಗ ಅವರಾಕಿ ಒಬ್ಬಾಕೇ ನಿಂತಾಳಲ್ರಿ?" ಒಳ್ಳೆಯ ಪ್ರಶ್ನೆ, ಹಾರಿಕೆ ಉತ್ತರ ಕೊಡಬೇಡಿ. ಆ ದೂರದವಳಿಗೆ ನೇರ ಪಾಸ್ ಕೊಡಬೇಕೆಂದರೆ ಚೆಂಡು ನಲವತ್ತು ಮೀಟರ್ ಗಾಳಿಯಲ್ಲಿ ಹೋಗಬೇಕು. ಹೈಸ್ಕೂಲ್ ಮಕ್ಕಳಲ್ಲಿ ಅಷ್ಟು ದೂರ ಅಳೆದು ಒದೆಯುವವರು ಕಡಿಮೆ. ಒದ್ದರೂ ಚೆಂಡು ಅಲ್ಲಿ ಇಳಿದು, ಆಕೆ ಅದನ್ನು ಹತೋಟಿಗೆ ತರುವಷ್ಟರಲ್ಲಿ ನಮ್ಮ ಸಾಲು ಸರಿದು ಮುಟ್ಟುತ್ತದೆ. ಗ್ರೌಂಡಿನಲ್ಲಿ ನೀವೇ ಒದ್ದು ತೋರಿಸಿ, ಮಕ್ಕಳು ಓಡಿ ತಲುಪಲಿ. ತಲುಪಿದ ಮೇಲೆ ಆ ಅನುಮಾನ ಹೋಗುತ್ತದೆ.

ಸಾಲು ಏರಿಸುವ, ಇಳಿಸುವ ಕೂಗು ಒಬ್ಬರದೇ ಇರಲಿ. ಸ್ಟಾಪರ್ (ನಡುವಿನ ಡಿಫೆಂಡರ್) ಅಥವಾ ಗೋಲ್‌ಕೀಪರ್, ಇಬ್ಬರಲ್ಲಿ ಯಾರ ಗಂಟಲು ದೊಡ್ಡದೋ ಅವರು. "ಮ್ಯಾಲ" ಎಂದರೆ ಎಲ್ಲರೂ ಮುಂದೆ, "ಕೆಳಗ" ಎಂದರೆ ಎಲ್ಲರೂ ಹಿಂದೆ. ನಮ್ಮಲ್ಲಿ ಹುಡುಗಿಯರಿಗೆ ಗ್ರೌಂಡಿನಲ್ಲಿ ಜೋರಾಗಿ ಕೂಗಲು ಸಂಕೋಚ. ಮನೆಯಲ್ಲಿ, ಓಣಿಯಲ್ಲಿ ಮೆಲ್ಲಗೆ ಮಾತಾಡು ಎಂದು ಕೇಳಿ ಬೆಳೆದವರು. ಕೂಗುವುದನ್ನೂ ಪ್ರಾಕ್ಟೀಸ್ ಮಾಡಿಸಬೇಕು, ಅದು ಪಾಸಿಂಗ್‌ನಷ್ಟೇ ಮುಖ್ಯ. ಒಂದು ಗೋಲ್ ಪೋಸ್ಟ್‌ನಿಂದ ಇನ್ನೊಂದಕ್ಕೆ ಹೆಸರು ಹಿಡಿದು ಕರೆಯುವ ಆಟ ಆಡಿಸಿದರೆ ನಾಲ್ಕು ದಿನದಲ್ಲಿ ಸಂಕೋಚ ಬಿಡುತ್ತದೆ.

ಲಕ್ಷಣ: ಒಂದೇ ಕಡೆಯಿಂದ ಮೇಲಿಂದ ಮೇಲೆ ಕ್ರಾಸ್

ನೋಟ್‌ಬುಕ್‌ನಲ್ಲಿ ಒಂದೇ ಬದಿಗೆ ಬಾಣದ ಗುರುತು ತುಂಬಿದ್ದರೆ ಅಲ್ಲಿಯ ಬ್ಯಾಕ್ ಆಟಗಾರ್ತಿಯನ್ನು ಬದಲಾಯಿಸಬೇಕು ಎಂದು ಮೊದಲು ಅನ್ನಿಸುತ್ತದೆ. ಬದಲಾಯಿಸುವ ಮೊದಲು ಆಕೆಯ ಪಾದ ನೋಡಿ. ವಿಂಗ್ ಆಟಗಾರ್ತಿ ಚೆಂಡು ತಂದಾಗ ಇವಳ ಎರಡೂ ಪಾದ ಒಂದೇ ಗೆರೆಯಲ್ಲಿ, ಎದೆ ನೇರವಾಗಿ ಎದುರಾಳಿಯ ಕಡೆ ಇದ್ದರೆ, ಎಷ್ಟೇ ಚುರುಕಾದವಳಾದರೂ ಸೋಲುತ್ತಾಳೆ. ತಿರುಗಿ ಓಡಲು ಆಕೆಗೆ ಪೂರ್ತಿ ಅರ್ಧ ಸುತ್ತು ಬೇಕು, ಅಷ್ಟರಲ್ಲಿ ಚೆಂಡು ದಾಟಿರುತ್ತದೆ. "ಸರ, ಆಕಿ ಬಾಳ ಜೋರ್ ಓಡ್ತಾಳ್ರಿ, ಸಿಗೂದಿಲ್ಲ" ಎಂದು ಮಗು ಹೇಳುವುದು ಇದನ್ನೇ.

ಒಂದು ಪಾದ ಮುಂದೆ, ಒಂದು ಹಿಂದೆ, ಮೈ ಓರೆ, ಮೊಣಕಾಲು ಸ್ವಲ್ಪ ಬಾಗಿರಬೇಕು. ಮುಂದಿನ ಪಾದ ಮೈದಾನದ ಒಳಬದಿಯದು, ಹಿಂದಿನದು ಟಚ್‌ಲೈನ್ ಬದಿಯದು. ಹೀಗೆ ನಿಂತರೆ ಎದುರಾಳಿಗೆ ಒಳಕ್ಕೆ ನುಗ್ಗುವ ದಾರಿ ಮುಚ್ಚುತ್ತದೆ, ಟಚ್‌ಲೈನ್ ಕಡೆಯ ದಾರಿ ಮಾತ್ರ ತೆರೆದಿರುತ್ತದೆ. ಅತ್ತ ಓಡಿದರೆ ಇವಳು ಆಗಲೇ ಅರ್ಧ ತಿರುಗಿ ನಿಂತಿರುವುದರಿಂದ ಜೊತೆಗೇ ಓಡಬಲ್ಲಳು. ಅಂತರ ಒಂದೂವರೆ ತೋಳು. ಕಾಲು ಹಾಕುವ ಅವಸರ ಬೇಡ. ಎದುರಾಳಿ ಚೆಂಡನ್ನು ಕಾಲಿನಿಂದ ಸ್ವಲ್ಪ ದೂರ ತಳ್ಳಿದ ಕ್ಷಣಕ್ಕೆ ಮಾತ್ರ. ಅಲ್ಲಿಯತನಕ ಹಿಂದೆ ಸರಿಯುತ್ತ ಕಾಲ ತಳ್ಳಿದರೆ ಸಾಕು, ಅಷ್ಟರಲ್ಲಿ ನಮ್ಮ ಹಾಫ್ ಹಿಂದಿರುಗಿ ಇಬ್ಬರಾಗುತ್ತಾರೆ.

ಹಾಫ್ ಹಿಂದಿರುಗದಿದ್ದರೆ ದೋಷ ಬ್ಯಾಕ್‌ನದಲ್ಲ, ಹಾಫ್‌ನದು. ಇದನ್ನು ತಂಡದ ಎದುರೇ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಆ ಬ್ಯಾಕ್ ಮಗುವಿನ ತಲೆಯ ಮೇಲೆ ಎಲ್ಲ ಸೋಲು ಬೀಳುತ್ತದೆ.

ಲಕ್ಷಣ: ಒದ್ದ ಚೆಂಡು ಕೂಡಲೇ ವಾಪಸ್

ಚೆಂಡು ಕಸಿಯುತ್ತೇವೆ, ಮುಂದಕ್ಕೆ ಜೋರಾಗಿ ಒದೆಯುತ್ತೇವೆ, ಅದು ಅವರ ಸ್ಟಾಪರ್ ಎದೆಗೆ ಹೋಗಿ ಬೀಳುತ್ತದೆ, ಮತ್ತೆ ನಮ್ಮ ಮೇಲೆ ದಾಳಿ. ಹೀಗೆ ಹತ್ತು ನಿಮಿಷ ನಡೆದರೆ ಯಾವ ಡಿಫೆನ್ಸ್ ಕೂಡ ತಡೆಯುವುದಿಲ್ಲ. ಪರೀಕ್ಷೆಗೆ ನೋಟ್‌ಬುಕ್ ಮಕ್ಕಳಿಗೆ ಇನ್ನೊಂದು ಕೆಲಸ: ನಮ್ಮವರು ಒದ್ದ ಚೆಂಡು ಮೊದಲು ಯಾರ ಕಾಲಿಗೆ ಸಿಕ್ಕಿತು ಎಂದು ಗುರುತು ಹಾಕುವುದು.

2019ರ ಸೆಪ್ಟೆಂಬರ್ 10ರಂದು ದೋಹಾದಲ್ಲಿ ಭಾರತ ತಂಡ ಕತಾರ್ ಎದುರು 0-0 ಡ್ರಾ ಮಾಡಿತು. ಆ ವರ್ಷವೇ ಏಷ್ಯನ್ ಕಪ್ ಗೆದ್ದಿದ್ದ ಕತಾರ್, ಅವರದೇ ಮೈದಾನ, ನಮ್ಮಲ್ಲಿ ಸುನಿಲ್ ಚೆಟ್ರಿ ಇಲ್ಲ. ನಾಯಕನಾಗಿ ಗೋಲು ಕಾದದ್ದು ಗುರ್‌ಪ್ರೀತ್ ಸಿಂಗ್ ಸಂಧು. ಆ ಪಂದ್ಯದ ನೆನಪು ಬಂದಾಗ ಎಲ್ಲರೂ ಆತನ ಕೈಗಳನ್ನೇ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಮಕ್ಕಳಿಗೆ ಅದರ ವಿಡಿಯೊ ತೋರಿಸುವಾಗ ಇನ್ನೊಂದನ್ನೂ ನೋಡಲು ಹೇಳಿ: ಚೆಂಡು ಸಿಕ್ಕಾಗ ನಮ್ಮವರು ಯಾರಿಗೆ ಕೊಟ್ಟರು, ಯಾರು ಅದಕ್ಕಾಗಿ ಓಡಿದರು.

ನಿಮ್ಮ ತಂಡಕ್ಕೆ ನಿಯಮ ಇಷ್ಟಿರಲಿ. ಕಸಿದ ಚೆಂಡಿನ ಮೊದಲ ಪಾಸ್ ಪಕ್ಕಕ್ಕೆ ಅಥವಾ ಹಿಂದಕ್ಕೆ, ಜನರ ಗುಂಪಿನಿಂದ ಹೊರಗೆ. ಎರಡನೇ ಪಾಸ್ ಮುಂದಕ್ಕೆ. ಪಕ್ಕಕ್ಕೆ ಕೊಡಲು ಯಾರೂ ಇಲ್ಲದಿದ್ದರೆ ನಡುವಿಗೆ ಒದೆಯಬಾರದು, ಅವರ ಮೂಲೆ ಧ್ವಜದ ಕಡೆ ಒದೆಯಬೇಕು. ಬಲಿಷ್ಠ ತಂಡದ ಎಡ-ಬಲ ಬ್ಯಾಕ್‌ಗಳು ದಾಳಿಗೆ ಏರಿ ಬಂದಿರುತ್ತಾರೆ, ಅವರ ಬೆನ್ನ ಹಿಂದೆ ಆ ಜಾಗ ಖಾಲಿ. ನಮ್ಮ ಸ್ಟ್ರೈಕರ್ ಅಲ್ಲಿಗೆ ಓಡಿದರೆ ಚೆಂಡು ಸಿಕ್ಕಬಹುದು. ಸಿಗದಿದ್ದರೂ ಅವರ ಥ್ರೋ ಅಲ್ಲೇ, ನಮ್ಮ ಗೋಲಿನಿಂದ ಬಹು ದೂರ. ಅಷ್ಟು ಹೊತ್ತಿಗೆ ನಮ್ಮ ಸಾಲುಗಳು ಏರಿ ಬರುತ್ತವೆ.

ಇಡೀ ಪಂದ್ಯ ಅವರ ಬೆನ್ನು ಹತ್ತಿ ಚೆಂಡು ಕಸಿಯಲು ಹೋಗಬೇಡಿ. ಮೂರು ಸಂದರ್ಭದಲ್ಲಿ ಮಾತ್ರ ಇಬ್ಬರು ಮೂವರು ಒಟ್ಟಿಗೆ ಮೇಲೆ ಬೀಳಬಹುದು: ಅವರಾಕೆ ತನ್ನ ಗೋಲಿನ ಕಡೆ ಮುಖ ಮಾಡಿ ಚೆಂಡು ತೆಗೆದುಕೊಂಡಾಗ, ಚೆಂಡು ಕಾಲಿನಿಂದ ಪುಟಿದು ದೂರ ಹೋದಾಗ, ಟಚ್‌ಲೈನ್‌ಗೆ ಅಂಟಿಕೊಂಡಂತೆ ಸಿಕ್ಕಿಹಾಕಿಕೊಂಡಾಗ.

ಲಕ್ಷಣ: ಆಟದಲ್ಲಿ ತಡೆದೆವು, ಕಾರ್ನರ್ ಮತ್ತು ಥ್ರೋದಲ್ಲಿ ಬಿತ್ತು

ಇದು ಎಲ್ಲಕ್ಕಿಂತ ಬೇಗ ಸರಿಯಾಗುವ ದೋಷ. ಕಾರಣ ಸಾಮಾನ್ಯವಾಗಿ ಒಂದೇ: ಯಾರು ಎಲ್ಲಿ ನಿಲ್ಲಬೇಕೆಂದು ಆ ಕ್ಷಣದಲ್ಲಿ ತೀರ್ಮಾನವಾಗುತ್ತದೆ. ಮೊದಲೇ ತೀರ್ಮಾನಿಸಿ, ಹೆಸರು ಬರೆದು ಗೋಡೆಗೆ ಅಂಟಿಸಿ. ಹತ್ತಿರದ ಪೋಸ್ಟ್‌ಗೆ ಒಬ್ಬಳು, ಆಕೆಯ ಮುಂದೆ ಐದು ಹೆಜ್ಜೆಗೆ ತಂಡದಲ್ಲೇ ಚೆನ್ನಾಗಿ ತಲೆಯಿಂದ ಚೆಂಡು ಹೊಡೆಯುವವಳು, ಗೋಲ್‌ಕೀಪರ್ ಮುಂದೆ ಇಬ್ಬರು. ಅವರಲ್ಲಿ ಎತ್ತರದ ಮೂವರಿಗೆ ನಮ್ಮವರು ಮೂವರು ಮಾರ್ಕಿಂಗ್. ಮಾರ್ಕಿಂಗ್ ಮಾಡುವವಳು ಚೆಂಡನ್ನಷ್ಟೇ ನೋಡುತ್ತ ನಿಂತರೆ ಎದುರಾಳಿ ಬೆನ್ನ ಹಿಂದಿನಿಂದ ಜಾರುತ್ತಾಳೆ. ತೋಳಿಗೆ ಆಕೆ ತಾಗುವಷ್ಟು ಹತ್ತಿರ ನಿಂತು, ಚೆಂಡು ಮತ್ತು ಆಕೆ ಇಬ್ಬರೂ ಕಾಣುವ ಕೋನ ಹುಡುಕಬೇಕು. ಬಾಕ್ಸ್ ಅಂಚಿನಲ್ಲಿ ಒಬ್ಬಳು ಇರಲೇಬೇಕು, ಹೊರಗೆ ಬಿದ್ದ ಚೆಂಡಿಗೆ. ಸ್ಟ್ರೈಕರ್ ನಡು ಗೆರೆಯಲ್ಲಿ ಉಳಿಯಲಿ. ಆಕೆಗಾಗಿ ಅವರು ಇಬ್ಬರನ್ನು ಹಿಂದೆ ಬಿಡಬೇಕಾಗುತ್ತದೆ.

ನಿಯಮ ತಿಳಿಯದೆ ಬೀಳುವ ಗೋಲುಗಳೂ ಉಂಟು. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಪಾಸ್ ಹೊರಡುವಾಗ ಎದುರಾಳಿಯ ಡಿಫೆನ್ಸ್ ಸಾಲು ದಾಟಿ ಮುಂದೆ ನಿಂತಿರುವ ತಪ್ಪು) ಇಲ್ಲ. ನಮ್ಮ ಮಕ್ಕಳು ಥ್ರೋ ವೇಳೆ "ಆಫ್‌ಸೈಡ್‌ನಾಗ ಅದಾಳ" ಎಂದು ಕೈ ಎತ್ತಿ ನಿಲ್ಲುವುದನ್ನು ಜಿಲ್ಲಾ ಮಟ್ಟದಲ್ಲೂ ನೋಡಿದ್ದೇನೆ. ಫ್ರೀ ಕಿಕ್‌ಗೆ ಗೋಡೆ 9.15 ಮೀಟರ್ ದೂರ. 2019ರಿಂದ ಗೋಲ್ ಕಿಕ್ ಚೆಂಡು ಬಾಕ್ಸ್ ಹೊರಗೆ ಬರುವ ತನಕ ಕಾಯಬೇಕಿಲ್ಲ, ಒದ್ದು ಚಲಿಸಿದ ಕೂಡಲೇ ಆಟದಲ್ಲಿದೆ. ಅವರು ಬಾಕ್ಸ್ ಒಳಗೇ ಸಣ್ಣ ಪಾಸ್ ಆಡಿದಾಗ ನಮ್ಮವರು ಬೆರಗಾಗಿ ನಿಲ್ಲಬಾರದು.

ಇದೇ ಅಸ್ತ್ರ ನಮ್ಮ ಕೈಯಲ್ಲೂ ಇದೆ. 2004ರ ಯೂರೊ ಕಪ್‌ನಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಗ್ರೀಸ್, ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್, ಸೆಮಿಫೈನಲ್‌ನಲ್ಲಿ ಜೆಕ್ ಗಣರಾಜ್ಯ, ಫೈನಲ್‌ನಲ್ಲಿ ಆತಿಥೇಯ ಪೋರ್ಚುಗಲ್, ಮೂವರನ್ನೂ 1-0ರಿಂದ ಸೋಲಿಸಿತು. ಮೂರೂ ಗೋಲು ತಲೆಯಿಂದ ಬಂದವು, ಸೆಮಿ ಮತ್ತು ಫೈನಲ್‌ನವು ಕಾರ್ನರ್‌ನಿಂದ. ಬಲಿಷ್ಠ ತಂಡದ ಎದುರು ನಮಗೆ ಇಡೀ ಪಂದ್ಯದಲ್ಲಿ ಸಿಗುವುದು ಎರಡೋ ಮೂರೋ ಕಾರ್ನರ್. ಒಬ್ಬಳೇ ಒದೆಯಬೇಕು, ಒಂದೇ ಜಾಗಕ್ಕೆ ಒದೆಯಬೇಕು, ದಿನಾ ಸಂಜೆ ಮನೆಗೆ ಹೋಗುವ ಮೊದಲು ಅಷ್ಟನ್ನು ಮಾಡಿಯೇ ಹೋಗಬೇಕು.

ಲಕ್ಷಣ: ಒಂದು ಬಿದ್ದ ಬೆನ್ನಿಗೇ ಇನ್ನೊಂದು

ನೋಟ್‌ಬುಕ್‌ನಲ್ಲಿ ಗೋಲುಗಳ ನಿಮಿಷ ನೋಡಿ. 12, 14, 15 ಎಂದಿದ್ದರೆ ಇದೇ ದೋಷ. ಗೋಲು ಬಿದ್ದ ಕೂಡಲೇ ಸಿಟ್ಟಿಗೆ ಎಲ್ಲರೂ ಮುಂದೆ ಓಡುತ್ತಾರೆ, ಸಾಲು ಒಡೆಯುತ್ತದೆ. ಗೋಲು ಬಿದ್ದ ಮೇಲಿನ ಐದು ನಿಮಿಷಕ್ಕೆ ಬೇರೆಯೇ ಕ್ರಮ ಇರಲಿ: ಕ್ಯಾಪ್ಟನ್ ಚೆಂಡು ಎತ್ತಿಕೊಂಡು ನಡೆದು ನಡು ವೃತ್ತಕ್ಕೆ ಬರಬೇಕು, ಓಡಬಾರದು. ಕಿಕ್ ಆಫ್ ಪಾಸ್ ಹಿಂದಕ್ಕೆ. ಒಬ್ಬಳೇ ಸ್ಟ್ರೈಕರ್ ಮುಂದೆ, ಉಳಿದವರೆಲ್ಲ ಚೆಂಡಿನ ಹಿಂದೆ. ಪಕ್ಕದಲ್ಲಿ ನಿಂತ ಮೇಷ್ಟ್ರು ಕೂಗಾಡಿದರೆ ಈ ಕ್ರಮ ನಿಲ್ಲುವುದಿಲ್ಲ. ಆಗ ಮಕ್ಕಳು ನಿಮ್ಮ ಮುಖ ನೋಡುತ್ತಾರೆ, ಗೋಲ್‌ಕೀಪರ್ ಎಲ್ಲರಿಗಿಂತ ಮೊದಲು ನೋಡುತ್ತಾಳೆ. ಆಕೆಯ ಹೆಸರು ಹಿಡಿದು ಮುಂದಿನ ಕೆಲಸ ಹೇಳಿ.

ಲಕ್ಷಣ: ಕೊನೆಯ ಹೊತ್ತಿನಲ್ಲಿ ಕಾಲು ಬೀಳುವುದು

ಇದಕ್ಕೆ ಮಾತ್ರ ಕೆಲವೊಮ್ಮೆ ನಿಜವಾದ ಕಾರಣ ಶರೀರವೇ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಹೊರಟು, ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ-ಮಿರ್ಚಿ ತಿಂದು, ಹನ್ನೊಂದರ ಬಿಸಿಲಿಗೆ ಆಡಿದರೆ ಯಾರ ಕಾಲೂ ನಿಲ್ಲುವುದಿಲ್ಲ. ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಎಣ್ಣೆಯಿಲ್ಲದ ಊಟ ಆಗಿರಲಿ: ರೊಟ್ಟಿ-ಪಲ್ಯ, ಮೊಸರನ್ನ, ಬಾಳೆಹಣ್ಣು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಬಾಟಲಿಗಳಲ್ಲಿ ತುಂಬಿಕೊಂಡು ಹೋಗಿ, ಹಾಫ್ ಟೈಮ್‌ಗೆ ಬೇಕು. ತಲೆ ಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ಆ ಮಗುವನ್ನು ಕೂಡಲೇ ನೆರಳಿಗೆ ತಂದು ಮೈಗೆ ನೀರು ಹಾಕಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ಕೋರ್ ಆಮೇಲೆ.

ಊಟ, ನೀರು ಸರಿಯಿದ್ದೂ ಕೊನೆಯಲ್ಲಿ ನಡುವಿನಿಂದಲೇ ಗೋಲು ಬೀಳುತ್ತಿದ್ದರೆ ಮೊದಲ ದೋಷಕ್ಕೆ ವಾಪಸ್ ಹೋಗಿ, ಹೆಜ್ಜೆ ಎಣಿಸಿ.

ಆಫ್‌ಸೈಡ್ ಬಲೆ ಹಾಕಬೇಕೇ?

2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯ ತನ್ನ ಡಿಫೆನ್ಸ್ ಸಾಲನ್ನು ಬಹಳ ಮುಂದೆ ನಿಲ್ಲಿಸಿ, ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್‌ಗೆ ಹೋಗುವಂತೆ ಮಾಡಿ 2-1ರಿಂದ ಗೆದ್ದಿತು. ಅಲ್ಲಿ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇತ್ತು, ಸೌದಿ ಆಟಗಾರರು ವರ್ಷಗಟ್ಟಲೆ ಒಟ್ಟಿಗೆ ಆಡಿದವರು. ಹೈಸ್ಕೂಲ್ ತಂಡಕ್ಕೆ ಇದನ್ನು ನಾನು ಹೇಳಿಕೊಡುವುದಿಲ್ಲ. ನಾಲ್ವರಲ್ಲಿ ಒಬ್ಬಳು ಅರ್ಧ ಸೆಕೆಂಡ್ ತಡಮಾಡಿದರೆ ಎದುರಾಳಿ ಒಬ್ಬಳೇ ಗೋಲ್‌ಕೀಪರ್ ಎದುರು. ಸಾಲು ಒಟ್ಟಾಗಿದ್ದರೆ ಆಫ್‌ಸೈಡ್ ಸಿಕ್ಕಾಗ ಸಿಗುತ್ತದೆ.

ಗ್ರೌಂಡ್ ನೋಡಿ

ರಾಯಚೂರು, ಬಳ್ಳಾರಿ ಕಡೆ ಎರೆ ಮಣ್ಣಿನ ಗ್ರೌಂಡ್ ಒಂದು ಮಳೆಗೆ ಚೆಂಡನ್ನು ಹಿಡಿದುಕೊಳ್ಳುತ್ತದೆ, ನೆಲಪಾಸ್ ಅರ್ಧಕ್ಕೇ ನಿಲ್ಲುತ್ತದೆ. ಹುಲ್ಲಿನ ಮೇಲೆ ಸಣ್ಣ ಪಾಸ್ ಆಡಿ ಬೆಳೆದ ತಂಡಕ್ಕೆ ಇದು ನಮಗಿಂತ ಹೆಚ್ಚು ತೊಂದರೆ. ಮಸಾರಿ (ಕೆಂಪು ಮಣ್ಣಿನ) ನೆಲ ಒಣಗಿದ್ದರೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಡಿಫೆಂಡರ್ ಪುಟಿಯುವ ಮೊದಲೇ ಮುಟ್ಟಬೇಕು. ಪಂದ್ಯಕ್ಕೆ ಮುಂಚೆ ಎರಡೂ ಗೋಲಿನ ಮುಂದೆ ನಡೆದು ತಗ್ಗು, ಕಲ್ಲು ಎಲ್ಲಿವೆ ಎಂದು ಗೋಲ್‌ಕೀಪರ್ ತಾನೇ ನೋಡಲಿ. ಶಿನ್‌ಗಾರ್ಡ್ ನಿಯಮದಲ್ಲೇ ಇದೆ, ಎಲ್ಲರಿಗೂ ಇದೆಯೇ ಎಂದು ಹಿಂದಿನ ದಿನವೇ ಎಣಿಸಿ.

ಸರಿಯಾಯಿತೇ? ಪರೀಕ್ಷೆ

ಹತ್ತೇ ದಿನ ಇದ್ದರೆ ಮೊದಲ ಐದು ದಿನ ಸಾಲುಗಳಿಗೆ, ಎರಡು ದಿನ ಮೊದಲ ಪಾಸ್‌ಗೆ, ಎರಡು ದಿನ ಕಾರ್ನರ್‌ಗೆ ಕೊಡಿ, ಕೊನೆಯ ದಿನ ವಿಶ್ರಾಂತಿ. ಉಳಿದವು ಅದರ ಜೊತೆ ಜೊತೆಗೇ. ವಿಶ್ರಾಂತಿಗೆ ಮುನ್ನ ನಿಮ್ಮ 11 ಜನರ ಎದುರು 13 ಜನರನ್ನು ಆಡಿಸಿ. ಕಾಲೇಜಿಗೆ ಹೋದ ಹಳೆಯ ವಿದ್ಯಾರ್ಥಿನಿಯರು ಕರೆದರೆ ಸಂತೋಷದಿಂದ ಬರುತ್ತಾರೆ. ಸ್ಕೋರ್ ನೋಡಬೇಡಿ. ನಡು ಮೈದಾನದಲ್ಲಿ ಎದುರಾಳಿ ಎಷ್ಟು ಸಲ ಯಾರ ಅಡ್ಡಿಯಿಲ್ಲದೆ ತಿರುಗಿದಳು ಎಂದು ಎಣಿಸಿ. ಮೊದಲ ದಿನಕ್ಕಿಂತ ಅದು ಅರ್ಧಕ್ಕೆ ಇಳಿದಿದ್ದರೆ, ಪ್ರಾಕ್ಟೀಸ್‌ನಲ್ಲಿ ಸೋತರೂ ತಂಡ ಸಿದ್ಧ. ಇಳಿಯದಿದ್ದರೆ ಮತ್ತೆ ಹಗ್ಗ ಹಿಡಿಸಿ, ಹೊಸ ತಂತ್ರ ಸೇರಿಸಬೇಡಿ.

ಪಂದ್ಯದ ದಿನ ಒಬ್ಬೊಬ್ಬರಿಗೆ ಒಂದೇ ಮಾತು. ಎಡ ಬ್ಯಾಕ್‌ಗೆ "ಓರೆ ನಿಲ್ಲು", ಸ್ಟ್ರೈಕರ್‌ಗೆ "ಚೆಂಡು ಅವರದಾದ್ರ ಇಳಿ". ಅದಕ್ಕಿಂತ ಹೆಚ್ಚು ಹೇಳಿದರೆ ಯಾವುದೂ ನೆನಪಿರುವುದಿಲ್ಲ.

ಟೈಬ್ರೇಕರ್‌ಗೆ ತಯಾರಿದ್ದೀರಾ?

ಇಷ್ಟೆಲ್ಲ ಕೆಲಸ ಮಾಡಿದರೆ ಪಂದ್ಯ ಸಮವಾಗುವ ಸಾಧ್ಯತೆ ನಿಜವಾಗಿಯೂ ಇದೆ, ಆಗ ಪೆನಾಲ್ಟಿ ಒದೆಯಬೇಕು. ಪೆನಾಲ್ಟಿ ಯಾರು ಒದೆಯುತ್ತಾರೆ ಎಂದು ಆ ಹೊತ್ತಿನಲ್ಲಿ ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ. ಐದು ಹೆಸರು, ಅವುಗಳ ಕ್ರಮ ಹಿಂದಿನ ದಿನವೇ ಬರೆದಿಡಿ. ಪಂದ್ಯ ಮುಗಿಯುವಾಗ ಮೈದಾನದಲ್ಲಿ ಇದ್ದವರು ಮಾತ್ರ ಒದೆಯಬಹುದು, ಆದ್ದರಿಂದ ಇನ್ನೆರಡು ಹೆಸರು ಹೆಚ್ಚಿಗೆ ಇರಲಿ. ಪ್ರತಿಯೊಬ್ಬಳೂ ತನ್ನ ಮೂಲೆ ಆರಿಸಿಕೊಂಡು, 11 ಮೀಟರ್‌ನಿಂದ ದಿನವೂ ಅದೇ ಮೂಲೆಗೆ ಒದೆಯಲಿ, ಗೋಲ್‌ಕೀಪರ್ ಅತ್ತಿತ್ತ ಆಡಿದರೂ ಮನಸ್ಸು ಬದಲಾಯಿಸಬಾರದು. ನಿಮ್ಮ ಗೋಲ್‌ಕೀಪರ್‌ಗೆ ನಿಯಮ ಗೊತ್ತಿರಬೇಕು: ಎದುರಾಳಿ ಒದೆಯುವ ಕ್ಷಣದಲ್ಲಿ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಗೆರೆಯ ಹಿಂದೆ ಇರಬೇಕು. ಎರಡೂ ಪಾದ ಮುಂದೆ ಬಂದು ತಡೆದರೆ ಆ ಪೆನಾಲ್ಟಿಯನ್ನು ಮತ್ತೆ ಒದೆಸಬಹುದು. ಸುಣ್ಣದಲ್ಲಿ ಗೆರೆ ಎಳೆದು, ಒಂದು ಪಾದ ಅಲ್ಲೇ ಬಿಟ್ಟು ಜಿಗಿಯುವುದನ್ನು ಆಕೆಗೆ ರೂಢಿ ಮಾಡಿಸಿ.